ಹೊಸ ಹುಡುಗನೂ ಹನುಮಪ್ಪನೂ

ಕದರಮಂಡಲಗಿಯ ನಮ್ಮ ಅಂಗಡಿಗೆ ಹೊಸ ಹುಡುಗ ಬಂದ. ಮಾಲಕ ಯಾರು ಅಂತ ತೋರಿಸಬೇಕಲ್ಲ? ಮೊದಲ ದಿನವೇ ಗತ್ತಿನಿಂದ, "ತಮ್ಮಾ, ಆ ಮೆಣಸಿನಕಾಯಿ ಚೀಲ ಒಳಗಿಡು" ಅಂದೆ.

"ಡಬ್ಬಿನೋ ಕಡ್ಡಿನೋ, ಸಾವ್ಕಾರ್ರ?"

ನನಗೆಲ್ಲಿ ನೆನಪು! ಚೀಲದ ಬಾಯಿ ಬಿಚ್ಚಿ, ಒಂದು ಕಾಯಿ ಎತ್ತಿ ಪಂಡಿತನ ಹಾಗೆ ಮೂಸಿದೆ. ಏಳು ಸೀನು ಬಂದವು. ಅವನು ಎಣಿಸುತ್ತಿದ್ದ.

"ಉದ್ದ ಐತಿ, ಸುಕ್ಕು ಐತಿ. ಕಡ್ಡಿನ ಬಿಡ್ರಿ" ಅಂತ ಹೊತ್ತುಕೊಂಡು ನಡೆದ.

ಶನಿವಾರ "ಕಾಂತೇಶಪ್ಪಗ ಒಂದ್ ಕಾಯಿ ಒಡಿಸ್ಕೊಂಡು ಬಾ" ಅಂದೆ. ಆ ಹನುಮಪ್ಪನ ಗುಡಿ ಊರೊಳಗೇ ಇದೆ. ಬೆಳಿಗ್ಗೆ ಹೋದವ ರಾತ್ರಿ ಒಂಬತ್ತಕ್ಕೆ ಬಂದ. "ಸಾತೇನಹಳ್ಳಿ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಮೂರೂ ಒಂದ ದಿನ ನೋಡಿದ್ರ ಪುಣ್ಯ ಅಂತಾರಲ್ರಿ. ನಿಮ್ಮ ಹೆಸರಿಲೇ ಒಡಿಸೀನಿ."

ಬೈಯಲು ಬಾಯಿ ತೆರೆದೆ. ಸೀತೆಯನ್ನು ಹುಡುಕಿ ಬಾ ಅಂದರೆ ಲಂಕೆ ಸುಟ್ಟು ಬಂದವನನ್ನು, ಬಳ್ಳಿ ತಾ ಅಂದರೆ ಬೆಟ್ಟ ಹೊತ್ತು ತಂದವನನ್ನು ರಾಮ ಬೈದನೇ? ಆದರೆ ಬೆಟ್ಟಕ್ಕೆ ಅವನು ಬಾಡಿಗೆ ಕೇಳಿರಲಿಲ್ಲ, ಆ ಮಾತು ಬೇರೆ. ನಮ್ಮವ ಕಿಸೆಯಿಂದ ಬಸ್ ಟಿಕೆಟ್ ತೆಗೆದು ಗಲ್ಲೆಯ ಮೇಲೆ ಒಂದೊಂದಾಗಿ ಜೋಡಿಸತೊಡಗಿದ.