ಎಷ್ಟನೇ ಸಲ, ಸ್ವಾಮಿ?

ಊರಲ್ಲಿ ಹಿರಿಯರು ಯಾರೆಂದು ತಿಳಿಯಲು ನೆರೆಗೂದಲು ಸಾಕು. ಕಚೇರಿಯಲ್ಲಿ ಸೇವಾ ಜ್ಯೇಷ್ಠತಾ ಪಟ್ಟಿ ಉಂಟು. ಸಂಸತ್ತಿನಲ್ಲಿ ಮಾತ್ರ ಒಂದೇ ಪ್ರಶ್ನೆ: "ಎಷ್ಟನೇ ಸಲ?" ಎಪ್ಪತ್ತೈದರ ಅಜ್ಜ ಮೊದಲ ಸಲ ಗೆದ್ದು ಬಂದರೆ ಕಿರಿಯ, ಐವತ್ತರವರು ಐದನೇ ಸಲ ಬಂದರೆ ಹಿರಿಯ. ಅವಿಭಕ್ತ ಕುಟುಂಬದಲ್ಲಿ ದೊಡ್ಡ ಮಗನ ಕೈಹಿಡಿದ ಇಪ್ಪತ್ತರ ಹುಡುಗಿ ಹಿರಿಸೊಸೆಯಾಗಿ, ತನಗಿಂತ ದೊಡ್ಡ ಓರಗಿತ್ತಿಗೆ ಬುದ್ಧಿ ಹೇಳುವ ಹಾಗೆ.

ಎಣಿಸುವುದಷ್ಟೇ ಕೆಲಸವಾದರೂ ತಕರಾರು ತಪ್ಪಿದ್ದಲ್ಲ. 2024ರ ಜೂನ್‌ನಲ್ಲಿ ಲೋಕಸಭೆಯ ಹಂಗಾಮಿ ಸ್ಪೀಕರ್ ಯಾರಾಗಬೇಕೆಂಬ ಪ್ರಶ್ನೆ ಬಂತು. ಹೊಸ ಸದಸ್ಯರಿಗೆ ಪ್ರಮಾಣವಚನ ಬೋಧಿಸಿ, ಖಾಯಂ ಸ್ಪೀಕರ್ ಬಂದೊಡನೆ ಕುರ್ಚಿ ಬಿಟ್ಟಿಳಿಯುವ ಎರಡು ದಿನದ ದೊರೆತನ ಅದು. ಕೇರಳದ ಕೊಡಿಕುನ್ನಿಲ್ ಸುರೇಶ್ ಎಂಟು ಸಲ ಗೆದ್ದವರು, ಒಡಿಶಾದ ಭರ್ತೃಹರಿ ಮಹತಾಬ್ ಏಳು ಸಲ. ಆದರೆ ಸುರೇಶ್ 1998 ಮತ್ತು 2004ರಲ್ಲಿ ಸೋತಿದ್ದರು. ಮಹತಾಬರದು 1998ರಿಂದ ಸತತ ಗೆಲುವು. ಸರ್ಕಾರ 'ಸತತ' ಎಂದಿತು, ವಿರೋಧ ಪಕ್ಷ 'ಒಟ್ಟು' ಎಂದಿತು. ಕೊನೆಗೆ ಎಂಟಕ್ಕಿಂತ ಏಳೇ ದೊಡ್ಡದೆಂದು ತೀರ್ಮಾನವಾಯಿತು. ಖಾಯಂ ಸ್ಪೀಕರ್ ಆದ ಓಂ ಬಿರ್ಲಾ ಅವರಿಗಾದರೋ ಅದು ಮೂರನೇ ಸಲ. 2019ರಲ್ಲಿ ಎರಡನೇ ಸಲ ಗೆದ್ದಾಗಲೇ ಅವರು ಆ ಪೀಠ ಏರಿದ್ದರು!

ಬ್ರಿಟನ್ನಿನವರು ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಕಾಮನ್ಸ್ ಸಭೆಯಲ್ಲಿ ಸತತವಾಗಿ ಅತಿ ಹೆಚ್ಚು ಕಾಲ ಇದ್ದವರಿಗೆ 'ಫಾದರ್ ಆಫ್ ದ ಹೌಸ್' ಪಟ್ಟ. ಕನ್ಸರ್ವೇಟಿವ್ ಪಕ್ಷದ ಕೆನ್ ಕ್ಲಾರ್ಕ್, ಲೇಬರ್ ಪಕ್ಷದ ಡೆನಿಸ್ ಸ್ಕಿನ್ನರ್ ಇಬ್ಬರೂ 1970ರಲ್ಲಿ ಗೆದ್ದು ಬಂದವರು. 2017ರಲ್ಲಿ ಪಟ್ಟ ಕ್ಲಾರ್ಕ್ ಪಾಲಾಯಿತು. ಕಾರಣ, ಪ್ರಮಾಣವಚನದ ಸಾಲಿನಲ್ಲಿ ಅವರು ಮುಂದಿದ್ದರು. ನಲವತ್ತೇಳು ವರ್ಷದ ಹಿಂದೆ ಸಾಲಿನಲ್ಲಿ ಎಲ್ಲಿ ನಿಂತಿದ್ದಿರಿ ಎಂಬುದೂ ಒಂದು ಅರ್ಹತೆ.

ನಮ್ಮ ಮಲ್ಲಿಕಾರ್ಜುನ ಖರ್ಗೆಯವರದು ಇನ್ನೊಂದು ಬಗೆ. 1972ರಿಂದ ಒಂಬತ್ತು ಸಲ ವಿಧಾನಸಭೆಗೆ ಗೆದ್ದವರು 2009ರಲ್ಲಿ ದೆಹಲಿಗೆ ಹೋದಾಗ ಲೋಕಸಭೆಯ ಲೆಕ್ಕದಲ್ಲಿ ಹೊಸಬರು. ಆದರೇನು, ನೇರ ಸಂಪುಟ ದರ್ಜೆಯ ಕಾರ್ಮಿಕ ಸಚಿವರಾದರು. 2019ರಲ್ಲಿ ಸೋತು ಮರುವರ್ಷ ರಾಜ್ಯಸಭೆಗೆ ಮತ್ತೆ ಹೊಸಬರಾಗಿ ಹೋದರು. 2021ರಲ್ಲಿ ಅಲ್ಲಿ ವಿರೋಧ ಪಕ್ಷದ ನಾಯಕ.

ಸಂಪುಟ ದರ್ಜೆ ಸಿಗದ ಕೇಂದ್ರದ ರಾಜ್ಯ ಸಚಿವರ ಪಾಡು ನೋಡಿ. ಲೋಕಸಭೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಪ್ರಶ್ನೋತ್ತರ ಮುಗಿದು ಕಾಗದಪತ್ರ ಮಂಡಿಸುವ ಹೊತ್ತಿಗೆ ಒಬ್ಬರು ಎದ್ದು, "ನನ್ನ ಸಹೋದ್ಯೋಗಿಗಳ ಪರವಾಗಿ" ಎಂದು ಯಾರದೋ ಖಾತೆಯ ವಾರ್ಷಿಕ ವರದಿಯನ್ನು ಮಂಡಿಸಿ ಕೂರುತ್ತಾರೆ. ವರದಿಯಲ್ಲಿ ಏನಿದೆಯೆಂದು ಅವರನ್ನು ಕೇಳುವುದು ಸೌಜನ್ಯವಲ್ಲ.

ಇಷ್ಟಾದರೂ ಕಿರಿತನಕ್ಕೆ ಒಂದು ಸುಖವಿದೆ. ಚೊಚ್ಚಲ ಭಾಷಣಕ್ಕೆ ಯಾರೂ ಅಡ್ಡ ಬಾಯಿ ಹಾಕಬಾರದೆಂಬುದು ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ಇರುವ ವಾಡಿಕೆ. ಎಂಟು ಸಲ ಗೆದ್ದವರೂ ಎದ್ದು ನಿಂತರೆ ಎದುರಿನಿಂದ ಗದ್ದಲ, ಮೇಲಿನಿಂದ "ಬೇಗ ಮುಗಿಸಿ" ಎಂಬ ಗಂಟೆ. ಪೂರ್ತಿ ಮಾತಾಡಬೇಕೆಂದರೆ ಹೊಸಬರಾಗಿರಬೇಕು. ಆದರೆ ಹೊಸಬರಿಗೆ ಆಗಿನ್ನೂ ಏನು ಹೇಳಬೇಕೆಂದೇ ಗೊತ್ತಿರುವುದಿಲ್ಲ.