ಶಾಲಾರಂಭ ಸೃಜನೋದ್ದೀಪನ ಮೀಮಾಂಸೆ

ಪೀಠಿಕೆ

ಕಾವ್ಯ ಹುಟ್ಟಲು ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಕೂಡಬೇಕೆಂದು ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಹೇಳಿದ್ದಾನೆ. ಪಾಪ, ಅವನ ಕಾಲಕ್ಕೆ ಶಿಕ್ಷಣ ಇಲಾಖೆಯ ಸುತ್ತೋಲೆ ಇರಲಿಲ್ಲ. ಶಾಲೆ ತೆರೆದ ಮೊದಲ ವಾರದಲ್ಲಿ, ಬೆಳಗಿನ ಹಾಲಿಗೂ ಮಧ್ಯಾಹ್ನದ ಬಿಸಿಯೂಟಕ್ಕೂ ನಡುವೆ, ನಾಡಿನ ಸಮಸ್ತ ಮಕ್ಕಳಲ್ಲಿ ಏಕಕಾಲಕ್ಕೆ ಉಕ್ಕುವ ಸೃಜನಶೀಲತೆಯನ್ನು ಆ ಮೂರು ಕಾರಣಗಳಿಂದ ವಿವರಿಸಲಾಗದು. ಆದ್ದರಿಂದ ಸುತ್ತೋಲೆಯನ್ನು ನಾಲ್ಕನೆಯ ಕಾವ್ಯಹೇತುವಾಗಿ ಪ್ರತಿಷ್ಠಾಪಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ವ್ಯಾಖ್ಯೆ

ಮಗುವಿನ ಪೂರ್ವಜ್ಞಾನಾಧಾರಿತ, ಅನುಭವಕೇಂದ್ರಿತ, ಸಂತಸದಾಯಕ, ಸ್ವಯಂಸ್ಫೂರ್ತ ಅಭಿವ್ಯಕ್ತಿಯನ್ನು ಸುಗಮಕಾರರು, ಅಂದರೆ ಮೇಷ್ಟ್ರು, ನಿಗದಿತ ನಮೂನೆಯಲ್ಲಿ 40 ನಿಮಿಷದೊಳಗೆ ಹೊರತರಿಸುವ ಪ್ರಕ್ರಿಯೆಯೇ ಶಾಲಾರಂಭ ಸೃಜನಶೀಲ ಬರವಣಿಗೆ. ಇದು ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧದ ಪೂರ್ವ ಪರೀಕ್ಷೆಗೂ ಸಾಫಲ್ಯ ಪರೀಕ್ಷೆಗೂ ನಡುವೆ ಘಟಿಸುತ್ತದೆ. ತ್ರೇತಾಯುಗದಲ್ಲಿ ಸೇತುವೆ ಕಟ್ಟಿದ್ದು ದಾಟುವುದಕ್ಕೆ; ಈಗ ಕಟ್ಟುವುದು ಅಪ್‌ಲೋಡ್ ಮಾಡುವುದಕ್ಕೆ.

ವರ್ಗೀಕರಣ

ಇಂಥ ಬರವಣಿಗೆ ಒಂಬತ್ತು ವಿಧ.

1. ಅಜ್ಜಿಮನೆ ಪ್ರಬಂಧ. ‘ನಾನು ಬೇಸಿಗೆ ರಜೆ ಕಳೆದ ಬಗೆ’ ಎಂಬುದು ಇದರ ಲೋಕಪ್ರಸಿದ್ಧ ರೂಪ. ಮಾವಿನ ಮರ ಕಡ್ಡಾಯ. ಅಜ್ಜಿ ಕಾಲವಾಗಿದ್ದರೂ ಕಥೆ ಹೇಳತಕ್ಕದ್ದು.

2. ಅರ್ಧಕಥಾಪೂರಣ. ‘ಒಂದೂರಿನಲ್ಲಿ ಒಬ್ಬ ರೈತನಿದ್ದ’ ಎಂದು ಕೊಟ್ಟು, ಮುಂದುವರಿಸಿ ಎನ್ನುವುದು. ನೀತಿಯನ್ನು ಕರಿಹಲಗೆಯ ಮೇಲೆ ಮೊದಲೇ ಬರೆದಿರುವುದರಿಂದ ರೈತನಿಗೆ ಬೇರೆ ದಾರಿಯಿರುವುದಿಲ್ಲ.

3. ಚಿತ್ರಾವಲಂಬಿ. ಕೊಟ್ಟದ್ದು ಜೆರಾಕ್ಸಿನ ಜೆರಾಕ್ಸ್. ಕಾಣುವುದು ಆನೆಯೋ ಗುಡ್ಡವೋ ಎಂದು ಮಕ್ಕಳು ನಡೆಸುವ ಜಗಳವೇ ಇಡೀ ವಾರದಲ್ಲಿ ನಡೆಯುವ ಅಸಲಿ ಕಲ್ಪನಾವ್ಯಾಪಾರ. ಅದನ್ನು ಗದ್ದಲವೆಂದು ಕರೆದು ನಿಲ್ಲಿಸಲಾಗುತ್ತದೆ.

4. ಪ್ರಾಸಕವನ. ಮಳೆ, ಬೆಳೆ, ಕಳೆ. ಹೊಳೆ ಐಚ್ಛಿಕ.

ಉಳಿದ ಐದೂ ಹೀಗೆಯೇ. ಓದುಗರೇ ಊಹಿಸಿಕೊಳ್ಳಬಹುದು, ಸಂತಸದಾಯಕವಾಗಿ.

ರಸವಿಚಾರ

ಇಲ್ಲಿನ ಅಂಗಿರಸ ದಾಖಲೆ. ಸ್ಥಾಯಿಭಾವ ಭಯ. ಆಲಂಬನ ವಿಭಾವ, ಯಾವ ಗಳಿಗೆಯಲ್ಲಾದರೂ ಬರಬಹುದಾದ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಉದ್ದೀಪನ ವಿಭಾವ, ವಾಟ್ಸಾಪ್ ಗುಂಪಿನಲ್ಲಿ ‘ಈ ಕೂಡಲೇ ಫೋಟೊ ಹಾಕಿ’ ಎಂಬ ಸಂದೇಶ. ಅನುಭಾವ, ಮಕ್ಕಳು ಬರೆದ ಹಾಳೆಯನ್ನು ಎದೆಗೆ ಹಿಡಿದು ಸಾಲಾಗಿ ನಿಲ್ಲುವುದು. ಫೋಟೊದಲ್ಲಿ ಅಕ್ಷರ ಕಾಣುವುದಿಲ್ಲ. ಕಾಣಬೇಕೆಂದು ಯಾರೂ ಕೇಳಿಯೂ ಇಲ್ಲ. ನಗು ಕಂಡರೆ ರಸನಿಷ್ಪತ್ತಿಯಾಯಿತು.

ಮೌಲ್ಯಮಾಪನ

ಕಲ್ಪನೆಗೆ 4 ಅಂಕ, ಭಾಷಾಶುದ್ಧಿಗೆ 4, ಅಂದವಾದ ಕೈಬರಹಕ್ಕೆ 2. ಉದಾಹರಣೆಗೆ ಯಾದಗಿರಿ ಕಡೆಯಿಂದ ತಂದೆತಾಯಿಯೊಂದಿಗೆ ಗುಳೆ ಹೋಗಿ ಬಂದ ಮಗುವೊಂದನ್ನು ಕಲ್ಪಿಸಿಕೊಳ್ಳಿ. ಅದು ಹೀಗೆ ಬರೆಯುತ್ತದೆ: ‘ನಾವು ಬೆಂಗ್ಳೂರಾಗ ತಗಡಿನ ಮನ್ಯಾಗ ಇದ್ವಿ. ಅವ್ವ ಇಟ್ಟಂಗಿ ಹೊರತಿದ್ಲು. ನಾ ತಮ್ಮನ್ನ ನೋಡ್ಕೋತ ಕುಂತಿದ್ದೆ. ಬಿಲ್ಡಿಂಗ್ ಮುಗಿಯೂದ್ರಾಗ ಸಾಲಿ ಚಾಲೂ ಆತು.’

ಅಜ್ಜಿ ಇಲ್ಲ, ಮಾವು ಇಲ್ಲ, ಕಲ್ಪನೆಗೆ ಸೊನ್ನೆ. ‘ಮನ್ಯಾಗ’ ತಪ್ಪು, ‘ಸಾಲಿ’ ತಪ್ಪು, ‘ಇಟ್ಟಂಗಿ’ ತಪ್ಪು, ಶುದ್ಧಿಗೂ ಸೊನ್ನೆ. ಅಂಚಿನಲ್ಲಿ ಕೆಂಪು ಶಾಯಿಯ ಷರಾ: ‘ವಿಷಯಾಂತರ’.

ವಿಷಯಾಂತರವಂತೆ! ಆ ವಾರ ಇಡೀ ರಾಜ್ಯದಲ್ಲಿ ವಿಷಯಕ್ಕೆ ಬಂದದ್ದು ಆ ಮಗು. ಅಕ್ಷರ ಕಲಿಯದೆಯೂ ಕಾವ್ಯದಲ್ಲಿ ನುರಿತ ಜನ ಇವರು ಎಂದು ಕನ್ನಡಿಗರನ್ನು 9ನೆಯ ಶತಮಾನದಲ್ಲೇ ‘ಕವಿರಾಜಮಾರ್ಗ’ ಮೆಚ್ಚಿಕೊಂಡಿತ್ತು. ಆ ಜನರ ಮಕ್ಕಳಿಗೆ ನಾವು ಅಕ್ಷರವನ್ನೂ ಕಲಿಸಿ, ಅದರಿಂದಲೇ ಅವರ ಬಾಯಿ ಮುಚ್ಚಿಸುತ್ತಿದ್ದೇವೆ. ಇದಕ್ಕೆ ಯಾವ ಪರಿಭಾಷೆ ಹೊಂದುತ್ತದೋ ಪಂಡಿತರೇ ಹೇಳಲಿ. ನನಗಂತೂ ಪರಿಭಾಷೆ ಸಾಕಾಗಿದೆ.

ಮೇಷ್ಟ್ರನ್ನು ಬೈದು ಫಲವಿಲ್ಲ. ಏಕೋಪಾಧ್ಯಾಯ ಶಾಲೆಯಲ್ಲಿ ಐದು ತರಗತಿ ಅವರದೇ, ಹಾಲು ಮೊಟ್ಟೆಯ ಲೆಕ್ಕ ಅವರದೇ, ಮಕ್ಕಳ ಮಾಹಿತಿಯನ್ನು ಸ್ಯಾಟ್ಸ್ ಜಾಲತಾಣದಲ್ಲಿ ತುಂಬುವುದೂ ಅವರೇ. ಮಕ್ಕಳ ಹಾಳೆ ಓದುವ ಹೊತ್ತನ್ನು ಅವರಿಂದ ಕಿತ್ತುಕೊಂಡು, ಓದಿದ್ದಕ್ಕೆ ದಾಖಲೆ ಕೇಳುತ್ತೇವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಪದ್ಧತಿ ಮೊದಲಾದಾಗ ಅದರ ಕಲಿಕಾ ಕಾರ್ಡುಗಳನ್ನು ರೂಪಿಸಿದವರು ಅಲ್ಲಿನ ಶಿಕ್ಷಕರೇ. ಮೇಷ್ಟ್ರ ತಲೆಯಲ್ಲಿ ಏನಾದರೂ ಇದೆಯೆಂದು ನಂಬಿದ ಕಾಲ ಅದು. ಅದೇ ಮೇಷ್ಟ್ರಿಗೆ ಈಗ ಮಕ್ಕಳನ್ನು ಹೇಗೆ ನಗಿಸಬೇಕೆಂಬುದಕ್ಕೂ ಮಾರ್ಗಸೂಚಿ ಬರುತ್ತದೆ.

ಉಪಸಂಹಾರ

ಮೊದಲ ವಾರ ಬರೆಸಿ, ಖಂಡಿತ ಬರೆಸಿ. ಮಗು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಲಿ. ಅಂಕ ಬೇಡ. ಗುಳೆ ಹೋಗಿ ಬಂದ ಆ ಮಗುವಿನ ಹಾಳೆಯ ಕೆಳಗೆ ಮೇಷ್ಟ್ರು ಒಂದೇ ಒಂದು ಪ್ರಶ್ನೆ ಬರೆಯಲಿ: ‘ತಮ್ಮ ಅತ್ತಾಗ ಏನು ಮಾಡುತ್ತಿದ್ದೆ?’ ಮರುದಿನ ಮಗು ಅದಕ್ಕೆ ಉತ್ತರ ಬರೆದು ತರುತ್ತದೆ. ಓದುವವರಿದ್ದಾರೆಂದು ಗೊತ್ತಾದ ಮೇಲೆ ಬರೆಯಲು ಬೇರೆ ಪ್ರೇರಣೆ ಬೇಕಿಲ್ಲ. ಇದಕ್ಕೆ ತರಬೇತಿ ಬೇಡ, ಬ್ಯಾನರ್ ಬೇಡ, ಅನುದಾನವೂ ಬೇಡ. ಮೇಷ್ಟ್ರಿಗೆ ದಿನಕ್ಕೆ ಒಂದು ಗಂಟೆ ಬಿಡುವು ಬೇಕು. ಅದನ್ನು ಕೊಡಿ.