ತಡವಾದ ಅಸೈನ್‌ಮೆಂಟಿನ ಅಭಾವ ಮೀಮಾಂಸೆ

ಕರ್ನಾಟಕದ ಕಾಲೇಜುಗಳಲ್ಲಿ ‘ಸಂಶೋಧನಾ ವಿಧಾನ’ ಎಂಬ ಪತ್ರಿಕೆಯ ಆಂತರಿಕ ಅಂಕಗಳಿಗಾಗಿ ವಿದ್ಯಾರ್ಥಿಯು ಒಪ್ಪಿಸಬೇಕಾಗಿದ್ದ, ಆದರೆ ಗೊತ್ತುಮಾಡಿದ ದಿನ ಒಪ್ಪಿಸದೆ ಉಳಿಸಿಕೊಂಡ ಬರಹಕ್ಕೆ ತಡವಾದ ಅಸೈನ್‌ಮೆಂಟ್ ಎಂದು ಹೆಸರು. ಈ ವಸ್ತುವನ್ನು ಕುರಿತು ಸಿಬ್ಬಂದಿ ಕೊಠಡಿಗಳಲ್ಲಿ ವಿಪುಲವಾದ ಮೌಖಿಕ ಸಾಹಿತ್ಯ ಹುಟ್ಟಿದ್ದರೂ ಶಾಸ್ತ್ರೀಯ ವಿವೇಚನೆ ನಡೆದಂತಿಲ್ಲ; ನಡೆಸಬೇಕಾದ ವಿದ್ವಾಂಸರು ತಮ್ಮ ಲೇಖನಗಳನ್ನು ಸಂಪಾದಕರಿಗೆ ಇನ್ನೂ ಕಳುಹಿಸದಿರುವುದು ಇದಕ್ಕೆ ಕಾರಣವಿರಬಹುದು.

ತಡವೆಂಬುದು ಕೇವಲ ಕಾಲದ ಅಳತೆ ಎಂಬ ಲೋಕರೂಢಿಯ ನಂಬಿಕೆಯ ಮೇಲೆ ‘ದಿನಕ್ಕೊಂದು ಅಂಕ ಕಡಿತ’ ಎಂಬ ಪ್ರಸಿದ್ಧ ನಿಯಮ ನಿಂತಿದೆ. ಹತ್ತು ಅಂಕದ ಅಸೈನ್‌ಮೆಂಟನ್ನು ಹತ್ತು ದಿನ ತಡಮಾಡಿದವನಿಗೆ ಹನ್ನೊಂದನೆಯ ದಿನದಿಂದ ಕಳೆದುಕೊಳ್ಳಲು ಏನೂ ಇರುವುದಿಲ್ಲವಾದ್ದರಿಂದ, ಅವನು ಎಲ್ಲ ಆತುರಗಳಿಂದಲೂ ಬಿಡುಗಡೆ ಪಡೆಯುತ್ತಾನೆ. ಇಂಥ ಸ್ಥಿತಿಯನ್ನು ವೇದಾಂತಿಗಳು ಬೇರೆ ಸಂದರ್ಭದಲ್ಲಿ ಬಹಳವಾಗಿ ಹೊಗಳಿದ್ದಾರೆ.

ಹೀಗಾಗಿ ತಡವನ್ನು ಕಾಲದಿಂದ ಅಳೆಯುವುದಕ್ಕಿಂತ ಅಭಾವದ, ಎಂದರೆ ‘ಇಲ್ಲದಿರುವಿಕೆ’ಯ, ಬಗೆಯಿಂದ ವಿಂಗಡಿಸುವುದೇ ಯುಕ್ತ. ಅನ್ನಂಭಟ್ಟನ ‘ತರ್ಕಸಂಗ್ರಹ’ವು ಅಭಾವವನ್ನು ಏಳನೆಯ ಪದಾರ್ಥವೆಂದು ಎಣಿಸಿ ಅದರಲ್ಲಿ ನಾಲ್ಕು ಬಗೆಗಳನ್ನು ಹೇಳುತ್ತದೆ. ವಸ್ತು ಹುಟ್ಟುವುದಕ್ಕೆ ಮೊದಲಿನ, ಆದಿಯಿಲ್ಲದಿದ್ದರೂ ಅಂತ್ಯವುಳ್ಳ ಇಲ್ಲದಿರುವಿಕೆ ಪ್ರಾಗಭಾವ. ‘ಮುಗೀತಾ ಬಂದಿದೆ ಸಾರ್’ ಎಂಬ ಉತ್ತರ ಇದರ ಲಕ್ಷಣ. ಇದ್ದದ್ದು ಹಾಳಾದ ಮೇಲೆ ಉಂಟಾಗಿ ಕೊನೆಯಿಲ್ಲದೆ ಮುಂದುವರಿಯುವುದು ಪ್ರಧ್ವಂಸಾಭಾವ. ಇದು ಬಹುತೇಕ ಪೆನ್‌ಡ್ರೈವಿನಲ್ಲಿಯೂ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿಯೂ ಸಂಭವಿಸುತ್ತದೆ. ಮೂರು ಕಾಲದಲ್ಲೂ ಇಲ್ಲದಿರುವುದು ಅತ್ಯಂತಾಭಾವ. ಇದರ ಆಶ್ರಯವಾದ ವಿದ್ಯಾರ್ಥಿ ಸಾಮಾನ್ಯವಾಗಿ ಕೊನೆಯ ಬೆಂಚಿನಲ್ಲಿ ಕಾಣಸಿಗುತ್ತಾನೆ, ಹಾಜರಾತಿ ಕೂಗುವಾಗ ಮಾತ್ರ. ಒಂದು ವಸ್ತು ಇನ್ನೊಂದಲ್ಲ ಎಂಬ ಭೇದವೇ ಅನ್ಯೋನ್ಯಾಭಾವ; ಹದಿನೇಳನೆಯ ರೋಲ್ ನಂಬರಿನವನ ಸ್ಪೈರಲ್ ಬೈಂಡಿಂಗಿನ ಒಳಗೆ ಎರಡನೆಯ ಪುಟದಿಂದ ಕೊನೆಯವರೆಗೂ ಹದಿನಾರನೆಯವಳ ಹೆಸರೇ ತಲೆಬರಹವಾಗಿ ಮುದ್ರಿತವಾಗಿರುವುದು ಇದಕ್ಕೆ ಉದಾಹರಣೆ. ಈ ನಾಲ್ಕನೆಯದು ತಡವಾಗುವುದು ಅಪರೂಪ ಎಂಬುದು ಗಮನಾರ್ಹ.

ತಡವನ್ನು ಸಾಬೀತುಪಡಿಸುವ ಪ್ರಮಾಣಗಳಲ್ಲಿ ಮುಖಪುಟದ ದಿನಾಂಕವು ದುರ್ಬಲವಾದುದು. ಅದನ್ನು ಖಾಲಿ ಬಿಡುವ, ಇಲ್ಲವೇ ವೈಟ್ನರ್ ಹಚ್ಚಿ ಮೇಲೆ ಬರೆಯುವ ಪರಂಪರೆ ಗಟ್ಟಿಯಾಗಿ ಬೇರೂರಿದೆ. ಪ್ರಬಲ ಪ್ರಮಾಣವಿರುವುದು ಗ್ರಂಥಋಣದ ಪುಟದಲ್ಲಿ. ಅಂತರ್ಜಾಲದ ಆಕರವನ್ನು ನೋಡಿದ ದಿನಾಂಕವನ್ನೂ ನಮೂದಿಸಬೇಕೆಂದು ಅಧ್ಯಾಪಕರು ಸೆಮಿಸ್ಟರಿನುದ್ದಕ್ಕೂ ಬೋಧಿಸಿರುತ್ತಾರೆ. ಆ ಪಾಠವನ್ನು ಮನಸ್ಸಿಟ್ಟು ಕೇಳಿದವಳು, ಕೊನೆಯ ದಿನ ಕಳೆದು ಮೂರು ದಿನಗಳ ಮೇಲೆ ಆಕರ ನೋಡಿದ್ದನ್ನು ತನ್ನ ಕೈಯಾರೆ ಬರೆದು ಸಿಕ್ಕಿಬೀಳುತ್ತಾಳೆ, ಪಾಠ ಕೇಳದವನು ಪಾರಾಗುತ್ತಾನೆ. ಆಕರಗಳನ್ನು ನಮೂದಿಸುವ ಕ್ರಮವನ್ನು ವಿಧಿಸುವ ಎಂ.ಎಲ್.ಎ. ಕೈಪಿಡಿಯ 2021ರ ಒಂಬತ್ತನೆಯ ಆವೃತ್ತಿಯು ಈ ದಿನಾಂಕವನ್ನು ಐಚ್ಛಿಕವೆಂದಿರುವುದು ಕರುಣೆಯಿಂದಲೇ ಇರಬೇಕು.

ದಂಡನೆಯ ತಾರತಮ್ಯವೂ ವಿಚಾರಾರ್ಹವಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ಕೃತಿಚೌರ್ಯ ನಿಯಮಾವಳಿಯ ಮೇರೆಗೆ ಸಂಶೋಧನ ಪ್ರಬಂಧದಲ್ಲಿ ಹೋಲಿಕೆಯ ಪ್ರಮಾಣ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಅದನ್ನು ಮೀರಿ ಶೇ. 40ರವರೆಗೆ ಇದ್ದರೆ, 6 ತಿಂಗಳಿಗೆ ಮೀರದ ಅವಧಿಯೊಳಗೆ ತಿದ್ದಿದ ಪ್ರತಿಯನ್ನು ಒಪ್ಪಿಸಬೇಕಾಗುತ್ತದೆ. ಪ್ರಬಂಧದ ಮೂರನೆಯ ಒಂದು ಭಾಗವನ್ನು ನಕಲು ಮಾಡಿದವನಿಗೆ ಆರು ತಿಂಗಳವರೆಗೂ ಕಾಲಾವಕಾಶ ದೊರೆಯಬಹುದಾದ ವ್ಯವಸ್ಥೆಯಲ್ಲಿ, ಸ್ವಂತವಾಗಿ ಬರೆಯುತ್ತ ಕುಳಿತವಳಿಗೆ ಆರು ದಿನವೂ ಸಿಗದಿರುವುದನ್ನು ಕಂಡ ಎಳೆಯ ಸಂಶೋಧಕರು ಯಾವ ಸಿದ್ಧಾಂತಕ್ಕೆ ಬರುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಇನ್ನು ಆಯೋಗದ ಹತ್ತು ಅಂಶಗಳ ಶ್ರೇಣಿಯಲ್ಲಿ ಅನುತ್ತೀರ್ಣವನ್ನು ಸೂಚಿಸುವ ‘ಎಫ್’ಗೂ ಗೈರುಹಾಜರಿಯನ್ನು ಸೂಚಿಸುವ ‘ಎಬಿ’ಗೂ ಸೊನ್ನೆಯೇ ಬೆಲೆ; ಬರೆದು ಸೋತವನಿಗೂ ಬಾರದೇ ಉಳಿದವನಿಗೂ ಭೇದವೆಣಿಸದ ಈ ನಿಲುವು ಶುದ್ಧ ಅದ್ವೈತ.

ಈ ನಿಯಮಗಳೆಲ್ಲ ಅಧ್ಯಾಪಕರು ಆಂತರಿಕ ಅಂಕಗಳನ್ನು ಪೋರ್ಟಲ್ಲಿಗೆ ಏರಿಸಬೇಕಾದ ಕೊನೆಯ ದಿನದವರೆಗೆ ಮಾತ್ರ ಊರ್ಜಿತ. ಆ ದಿನವೂ ‘ಪರಿಷ್ಕೃತ’ ಎಂಬ ವಿಶೇಷಣ ಹೊತ್ತು ಮುಂದಕ್ಕೆ ಸರಿಯುತ್ತಿರುತ್ತದೆಯಾದರೂ, ಕಡೆಗೊಮ್ಮೆ ಸರಿಯದೆ ನಿಂತಾಗ, ಬಾಕಿಯವರೆಲ್ಲ ನಾಳೆ ಹತ್ತು ಗಂಟೆಯೊಳಗೆ ಏನಾದರೂ ತಂದುಕೊಡಬೇಕೆಂಬ ಸಂದೇಶ ತರಗತಿಯ ಪ್ರತಿನಿಧಿಯ ಮೂಲಕ ಹೊರಡುತ್ತದೆ. ಆಗ ಅತ್ಯಂತಾಭಾವವೂ ಒಂದೇ ರಾತ್ರಿಯಲ್ಲಿ ಅಂತ್ಯ ಕಂಡು ಅನ್ನಂಭಟ್ಟನನ್ನು ಸುಳ್ಳಾಗಿಸುತ್ತದೆ, ಹತ್ತಕ್ಕೆ ಎಂಟು ಅಂಕವನ್ನೂ ಪಡೆಯುತ್ತದೆ. ಎಲ್ಲರಿಗಿಂತ ಮೊದಲು ಕೊಟ್ಟವಳ ಪ್ರತಿಯಾದರೋ ಬೀರುವಿನ ಕಟ್ಟುಗಳ ತೀರ ಅಡಿಯಲ್ಲಿ ಸೇರಿಹೋಗಿ ಸಿಕ್ಕುವುದಿಲ್ಲವಾದ್ದರಿಂದ ಇನ್ನೊಂದು ಪ್ರತಿ ತರುವಂತೆ ಅವಳಿಗೆ ಸೂಚಿಸಲಾಗುತ್ತದೆ. ಮುಖಪುಟದಲ್ಲಿ ಅವಳು ಪ್ರಾಮಾಣಿಕವಾಗಿ ಆ ದಿನದ ದಿನಾಂಕವನ್ನೇ ಬರೆಯುವುದರಿಂದ ನಿಯಮದಂತೆ ಅಂಕ ಕಡಿತವಾಗುತ್ತದೆ.